ಹೊಸ ಒಲೆ ಹಚ್ಚುವವರು

ತೆಲುಗು ಗಡಿಯ ಪರಿಗಿಯ ಜಯಚಂದ್ರ ಮಗಳಿಗೆ ಜಡೆ ಹಾಕುತ್ತಿದ್ದುದನ್ನು ಮೊದಲು ಕಂಡವಳು ಪಕ್ಕದ ಮನೆಯ ಪಾಪಕ್ಕ. ಕಂಡು ಸುಮ್ಮನಿರುವ ಪೈಕಿಯೇ ಅವಳು? ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅರ್ಧ ಊರಿಗೆ ಸುದ್ದಿ ಮುಟ್ಟಿಸಿದಳು. ಉಳಿದ ಅರ್ಧ ಊರನ್ನು ಸಾಯಂಕಾಲಕ್ಕೆ ಇಟ್ಟುಕೊಂಡು, ಜಯಚಂದ್ರನ ತಾಯಿ ಆದಿಲಕ್ಷ್ಮಮ್ಮನ ಹತ್ತಿರ ಬಂದು ಕೂತಳು.

“ಏನಕ್ಕಾ, ನಿನ್ ಮಗನ ಕೈಗೆ ಬಳೆ ಅಳತೆ ತಗಳಾನಾ?”

ಆದಿಲಕ್ಷ್ಮಮ್ಮ ಹುರುಳಿಕಾಳು ಹಸನು ಮಾಡುತ್ತಿದ್ದಳು. ಮೊರವನ್ನು ಜೋರಾಗಿ ಒಂದು ಸಲ ಕೇರಿ ಹೊಟ್ಟನ್ನೆಲ್ಲ ಪಾಪಕ್ಕನ ಕಡೆಗೇ ಹಾರಿಸಿದಳು. ಅಲ್ಲ ಅನ್ನುವುದಕ್ಕೆ ಏನಿತ್ತು? ಮಗ ಜಡೆ ಹಾಕುತ್ತಿದ್ದದ್ದು ನಿಜ. ಮುದ್ದೆ ತಿರುವುತ್ತಿದ್ದದ್ದೂ ನಿಜ, ಕೂಸಿನ ಬಟ್ಟೆ ಒಗೆಯುತ್ತಿದ್ದದ್ದೂ ನಿಜ. ಊರವರ ಮುಂದೆ ತಲೆ ಎತ್ತಿಕೊಂಡು ಬದುಕಿದ ಹೆಂಗಸಿಗೆ ಇದೆಲ್ಲ ನೋಡಬೇಕಾಗಿ ಬಂತಲ್ಲ.

ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಆ ವರ್ಷ ಅವಳ ಸೊಸೆ ತ್ರಿವೇಣಿಗೆ ಸರ್ಕಾರಿ ಶಾಲೆಯ ಕೆಲಸ ಸಿಕ್ಕಿತ್ತು. ಸಿಕ್ಕಿದ್ದು ಹಿಂದೂಪುರದಲ್ಲಲ್ಲ, ಪರಿಗಿಯಲ್ಲೂ ಅಲ್ಲ; ಕಲ್ಯಾಣದುರ್ಗದಾಚೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಅರ್ಧ ದಿನದ ದಾರಿ. ದಿನಾ ಹೋಗಿ ಬರುವುದು ಆಗದ ಮಾತು. ಕಲ್ಯಾಣದುರ್ಗದಲ್ಲಿ ಒಂದು ರೂಮು ಹಿಡಿದು, ಶನಿವಾರ ಸಂಜೆ ಮನೆಗೆ ಬಂದು, ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದಳು. ಮನೆಯಲ್ಲಿ ಉಳಿದವರು ಒಂದನೇ ತರಗತಿಯ ಭಾರ್ಗವಿ, ಇನ್ನೂ ಮೂರು ತುಂಬದ ಚರಣ, ಹಿಂದೂಪುರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಜಯಚಂದ್ರ, ಮತ್ತೆ ಈ ಅಜ್ಜಿ. ಅಜ್ಜಿಗೆ ಸಂಕ್ರಾಂತಿ ಕಳೆದ ಮೇಲೆ ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಹೊಗೆಯ ಹತ್ತಿರ ಸುಳಿಯಬೇಡಿ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಒಲೆ ಮಗನ ಪಾಲಿಗೆ ಬಂತು.

ಸಾಲದ್ದಕ್ಕೆ ಅದೇ ಬೇಸಿಗೆಯಲ್ಲಿ ಮನೆಯ ಕೆಲಸವನ್ನೂ ಮೈಮೇಲೆ ಎಳೆದುಕೊಂಡಿದ್ದರು. ಅದು ಹಳೆಯ ಮಾಳಿಗೆ ಮನೆ. ಮರದ ತೊಲೆ, ಮೇಲೆ ಚೌಳು ಮಣ್ಣು. ಹೋದ ಮಳೆಗಾಲದಲ್ಲಿ ತೊಲೆ ಸಂದಿಯಿಂದ ಮಣ್ಣಿನ ಜೊತೆ ಒಂದು ಚೇಳು ಉದುರಿ ಚರಣನ ಹಾಸಿಗೆಗೆ ಬಿದ್ದಿತ್ತು. ಅವತ್ತೇ ತ್ರಿವೇಣಿ, ಕೆಲಸ ಸಿಕ್ಕರೆ ಸಂಬಳದಲ್ಲಿ ಮೊದಲು ಮಾಡಿಸುವುದು ಸಿಮೆಂಟಿನ ಚಾವಣಿ, ಮೋಲ್ಡು ಅಂತ ಹೇಳಿಬಿಟ್ಟಿದ್ದಳು. ಹೇಳಿದಂತೆ ಯುಗಾದಿ ಆದ ಮೇಲೆ ಮಾಳಿಗೆ ಕಿತ್ತರು. ಸಾಮಾನೆಲ್ಲ ಹಿತ್ತಲಿನ ಖಾಲಿ ಕೊಟ್ಟಿಗೆಗೆ ಹೋಯಿತು. ಅಲ್ಲೇ ಮೂರು ಕಲ್ಲಿಟ್ಟು ಒಲೆ, ಅಲ್ಲೇ ಸ್ನಾನ, ಅಲ್ಲೇ ಭಾರ್ಗವಿಯ ಮಗ್ಗಿ.

ಈ ಜಯಚಂದ್ರನ ದಿನ ಹೇಗಿತ್ತೆಂದು ಸ್ವಲ್ಪ ಕೇಳಿ. ಕೋಳಿ ಕೂಗುವ ಹೊತ್ತಿಗೆ ಎದ್ದು ಹೊಸ ಮೋಲ್ಡಿಗೆ ನೀರು ಹೊರಬೇಕು. ಸಿಮೆಂಟು ಗಟ್ಟಿಯಾಗುವವರೆಗೆ ಅದರ ಮೇಲೆ ನೀರು ನಿಂತಿರಬೇಕಲ್ಲ. ಅದಕ್ಕೆ ಕಿತ್ತ ಚೌಳು ಮಣ್ಣಿನಲ್ಲೇ ಬದು ಹಾಕಿ ಮೇಲೆಲ್ಲ ಗದ್ದೆ ಮಡಿ ಮಾಡಿದ್ದರು. ಬದು ಹಾಕಿದವಳು ಆದಿಲಕ್ಷ್ಮಮ್ಮನೇ. ಮೇಸ್ತ್ರಿ ಈರಲಿಂಗಪ್ಪ ಹಾಕಿಸಿದ್ದ ಬದು ಎರಡೇ ದಿನಕ್ಕೆ ಸೋರಿತ್ತು, ಅವಳು ಮೆಟ್ಟಿ ಕೂರಿಸಿದ್ದು ಸೋರಲಿಲ್ಲ. ನೀರು ತುಂಬಿದ ಮೇಲೆ ಒಲೆ. ಒಂದು ಕಂಕುಳಲ್ಲಿ ಚರಣ, ಇನ್ನೊಂದು ಕೈಯಲ್ಲಿ ಸೌಟು. ಆದಿಲಕ್ಷ್ಮಮ್ಮ ಹೊಗೆಗೆ ಹೆದರಿ ಕೊಟ್ಟಿಗೆಯ ಹೊರಗೆ ಕಲ್ಲಿನ ಮೇಲೆ ಕೂತು, ಮುಖ ಆ ಕಡೆ ತಿರುಗಿಸಿಕೊಂಡು ಅಡಿಗೆ ಹೇಳಿಕೊಡುತ್ತಿದ್ದಳು.

“ಬೇಳೆ ಬೆಂತಾ?”

“ಬೆಂತಮ್ಮ. ಉಪ್ಪಾಕ್ಲಾ?”

“ಈಗ್ಲೇ ಬ್ಯಾಡ ಕಣ್ಲಾ. ಕಟ್ಟು ಬಸ್ಕ ಮೊದ್ಲು. ಬಸಿಯೋವಾಗ ಕೂಸ್ನ ಕೆಳಗಿಳ್ಸು, ಕೈ ಜಾರಾತು.”

“ಇಳಿಯಲ್ಲ ಅಂತಾನೆ.”

“ಇಳಿಯಲ್ಲ ಅಂದ್ರೆ ಇತ್ತ ಕಳ್ಸು. ಅಯ್ಯೋ, ಸೊಪ್ಪು ಎತ್ತಿಟ್ಟೆಯೋ ಇಲ್ವೋ?”

ಹೀಗೆ ಕಲಿತು ಅವನು ಮಾಡಿದ ಬಸ್ಸಾರಿಗೆ ಗಾರೆಯವರು ಬೆರಳು ನೆಕ್ಕಿದರು. ಈರಲಿಂಗಪ್ಪ ಎರಡನೇ ಮುದ್ದೆಗೆ ಕೈ ಒಡ್ಡಿ, “ಮೀ ಕೊಡುಕು ಚೇತಿ ಸಾರು ಚಾಲಾ ಬಾಗುಂದಮ್ಮಾ,” ಅಂತ ಮಗನ ಕೈಯ ಸಾರನ್ನು ತೆಲುಗಿನಲ್ಲಿ ಹೊಗಳಿದ. ಬೇರೆ ಯಾವ ತಾಯಿಯಾದರೂ ಹಿಗ್ಗುತ್ತಿದ್ದಳು. ಆದಿಲಕ್ಷ್ಮಮ್ಮನಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಾರೆಯವರಿಗೆ ಮಗ ಬಡಿಸುವುದನ್ನು ಬೀದಿಯವರು ನೋಡದಿರಲಿ ಅಂತ ಮಾರನೆಯ ದಿನ ಕೊಟ್ಟಿಗೆ ಬಾಗಿಲಿಗೆ ಒಂದು ಹಳೆಯ ಕಂಬಳಿ ಇಳಿಬಿಟ್ಟಳು.

ಅಡಿಗೆ ಆದ ಮೇಲೆ ಜಡೆ. ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಪಳಗಿದ ಕೈ ಅದು, ಕೂದಲನ್ನೂ ಹಾಗೇ ಬಿಗಿಯುತ್ತಿತ್ತು. “ಅಪ್ಪಾ, ಕಣ್ಣು ಮುಚ್ಚಕ್ಕೇ ಆಗ್ತಿಲ್ಲ,” ಅಂತ ಭಾರ್ಗವಿ ಅಳುಮುಖ ಮಾಡುತ್ತಿದ್ದಳು. ಅವನು ಬಿಚ್ಚಿ ಮತ್ತೆ ಹಾಕುತ್ತಿದ್ದ. ಬೇಜಾರಿಲ್ಲ, ಸಿಡುಕಿಲ್ಲ. ಆಷಾಢ ಬರುವ ಹೊತ್ತಿಗೆ ಆ ಹುಡುಗಿಯ ಜಡೆಯಷ್ಟು ನೀಟಾದ ಜಡೆ ಪರಿಗಿಯ ಶಾಲೆಯಲ್ಲೇ ಇನ್ನೊಂದಿರಲಿಲ್ಲ. ಪಾಪಕ್ಕನ ಮೊಮ್ಮಗಳೇ ಒಂದು ದಿನ ರಿಬ್ಬನ್ನು ಹಿಡಿದುಕೊಂಡು ಬಂದು ಅವನ ಮುಂದೆ ಬೆನ್ನು ತಿರುಗಿಸಿ ಕೂತಳು. ಅವನು ಅವಳಿಗೂ ಹಾಕಿ ಕಳಿಸಿದ.

ಆಷಾಢದ ಕೊನೆಗೆ ಮನೆ ಒಂದು ರೂಪಕ್ಕೆ ಬಂತು. ಆಗ್ನೇಯ ಮೂಲೆಯಲ್ಲಿ ಹೊಸ ಅಡಿಗೆಮನೆ, ಕಡಪ ಕಲ್ಲಿನ ಕಟ್ಟೆ, ಅದರ ಮೇಲೆ ಹೊಸದಾಗಿ ಬಂದ ಗ್ಯಾಸು ಒಲೆ. ಪುರೋಹಿತರಾದ ಶಂಕರಯ್ಯನವರು ಶ್ರಾವಣದ ಒಂದು ಗುರುವಾರ ಬೆಳಿಗ್ಗೆ ಮುಹೂರ್ತ ಇಟ್ಟುಕೊಟ್ಟರು. ಆ ದಿನ ಮನೆಯೊಡತಿ ಹೊಸ ಒಲೆ ಹಚ್ಚಿ ಹಾಲು ಉಕ್ಕಿಸಬೇಕು. ಅಲ್ಲಿಯವರೆಗೆ ಹೊಸ ಅಡಿಗೆಮನೆಯಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ. ಇದು ಆ ಸೀಮೆಯಲ್ಲಿ ಎಲ್ಲರೂ ಪಾಲಿಸುವ ಮಾತು.

ಆ ಶನಿವಾರ ತ್ರಿವೇಣಿ ಬಂದಾಗ ಊಟಕ್ಕೆ ಕೂತಲ್ಲೇ ಆದಿಲಕ್ಷ್ಮಮ್ಮ ವಿಷಯ ಎತ್ತಿದಳು.

“ಬರೋ ಗುರುವಾರ ಅಲ್ಲ, ಅದರಾಚೆ ಗುರುವಾರ ಹಾಲುಕ್ಸೋದು. ಬುಧವಾರ ಸಾಯಂಕಾಲ್ಕೇ ಬಂದ್ಬುಡು.”

ತ್ರಿವೇಣಿಯ ಕೈ ತಟ್ಟೆಯಲ್ಲೇ ನಿಂತಿತು. “ಆಚೆ ಗುರುವಾರನಾ ಅತ್ತೆ? ಆ ವಾರ ಇನ್‌ಸ್ಪೆಕ್ಷನ್ ಐತೆ. ಇಸ್ಕೂಲಿಗೆ ಇರೋಳು ನಾನೊಬ್ಳೇ. ರಜಾ ಕೊಡಕಿಲ್ಲ ಅಂದವ್ರೆ. ಭಾನುವಾರ ಇಟ್ಕಳಕ್ಕಾಗಲ್ವಾ?”

“ಮುಹೂರ್ತ ಏನು ನಿಮ್ ಇಸ್ಕೂಲ್ ಗಂಟೆನಾ, ಬೇಕಾದಾಗ ಹೊಡ್ಯಾಕೆ? ಅದ್ ಬುಟ್ರೆ ಶ್ರಾವಣದಾಗೆ ಒಳ್ಳೆ ದಿನ ಇಲ್ಲ ಅಂದವ್ರೆ ಐನೋರು. ಆಮ್ಯಾಕೆ ಭಾದ್ರಪದ, ಪಿತೃಪಕ್ಷ. ದಸರಾ ಗಂಟ ಕೊಟ್ಟಿಗೇಲಿ ನೊಣ ಹೊಡ್ಕಂಡ್ ಕೂತಿರಾನಾ?”

“ನಾನಿಲ್ದೆ ಮಾಡ್ಕಂಡ್ರೆ ಏನಾತದೆ ಅತ್ತೆ?”

“ಮನೆಯೊಡತಿ ಇಲ್ದೆ ಹೊಸ ಒಲೆ ಹಚ್ಚಿದ್ದು ಎಲ್ಲಾನ ಕೇಳಿದ್ದೀಯಾ? ನಾನೇ ಹಚ್ಚಾನ ಅಂದ್ರೆ ನನ್ ಹಣೆ ನೋಡು.” ಕುಂಕುಮವಿಲ್ಲದ ಹಣೆಯನ್ನು ಆದಿಲಕ್ಷ್ಮಮ್ಮ ಬೆರಳಲ್ಲಿ ತೋರಿಸಿದಳು. “ನಾನೊಂದ್ ಮಾತು ಹೇಳ್ತೀನಿ ಕೇಳು ತ್ರಿವೇಣಿ. ಬುಧವಾರ ಬಾ, ಹಾಲುಕ್ಸು, ಹಂಗೇ ಇದ್ಬುಡು. ಕೆಲ್ಸ ಮಾಡಿದ್ದು ಸಾಕು. ಕೂಸುಗಳು ಇಲ್ಲಿ, ನೀನು ಅಲ್ಲಿ. ನಿನ್ ಗಂಡ ಸೌಟು ಹಿಡ್ಕಂಡು ಊರ ಬಾಯಿಗೆ ಬಿದ್ದವ್ನೆ.”

ಅಲ್ಲಿಯವರೆಗೆ ಚರಣನಿಗೆ ಅನ್ನ ಕಲಸುತ್ತಿದ್ದ ಜಯಚಂದ್ರ ತಲೆ ಎತ್ತಿದ.

“ಅಮ್ಮಾ, ಈ ಮೋಲ್ಡು ಯಾರ ಸಂಬಳದಾಗೆ ಬಿದ್ದಿದ್ದು?”

“ಸಂಬಳದ ಮಾತು ನನ್ತಾವ ಆಡ್ಬ್ಯಾಡ.”

“ಸರಿ, ಆಡಕಿಲ್ಲ. ನೇಗಿಲ ಮಾತಾಡ್ತೀನಿ. ಅಪ್ಪ ತೀರ್ಕಂಡ ವರ್ಷ ಮಳೆ ಬಿದ್ದಾಗ ನೇಗಿಲು ಕಟ್ದೋಳು ಯಾರು? ಹೆಂಗಸು ನೇಗಿಲು ಹಿಡಿದ್ಲು ಅಂತ ಇದೇ ಊರು ನಗ್ಲಿಲ್ವಾ? ನೀನು ಬುಟ್ಟು ಬಂದ್ಯಾ?”

“ಅದು ಹೊಟ್ಟೆಪಾಡು ಕಣ್ಲಾ.”

“ಇದೇನು ಆಟನಾ?”

ಆದಿಲಕ್ಷ್ಮಮ್ಮ ಅರ್ಧ ಊಟದಲ್ಲೇ ಎದ್ದು ಕೈ ತೊಳೆದಳು. ಮಗ ಎದುರುತ್ತರ ಕೊಟ್ಟನಲ್ಲ ಅಂತ ಸಿಟ್ಟು ಬಂದಿತ್ತು. ನಿಜವನ್ನೇ ಅಂದನಲ್ಲ ಅಂತ ಅದಕ್ಕಿಂತ ಜಾಸ್ತಿ ಸಿಟ್ಟು. ತ್ರಿವೇಣಿ ಭಾನುವಾರವೆಲ್ಲ ಬಟ್ಟೆ ಒಗೆದಳು, ಹಿಟ್ಟು ಬೀಸಿಸಿಕೊಂಡು ಬಂದಳು. ಸೋಮವಾರ ಹೊರಡುವಾಗ, “ನಿಮ್ಮಾತು ಯೋಚ್ನೆ ಮಾಡ್ತೀನಿ ಅತ್ತೆ,” ಅಂದು ಬಸ್ಸಿಗೆ ಹೋದಳು.

ಮುಹೂರ್ತಕ್ಕೆ ಆರು ದಿನವಿರುವಾಗ ಮಳೆ ಹಿಡಿಯಿತು. ಅಂಥಿಂಥ ಮಳೆಯಲ್ಲ, ಕೊಟ್ಟಿಗೆಯ ಒಳಗೆ ನೀರು ನುಗ್ಗಿ ಒಲೆಯ ಕಲ್ಲುಗಳು ಮುಳುಗಿದವು, ಸೌದೆ ನೆನೆದು ಮುದ್ದೆಯಾಯಿತು. ಚರಣನಿಗೆ ಹಿಂದಿನ ಸಂಜೆಯಿಂದಲೇ ಮೈ ಸುಡುವ ಜ್ವರ. ಬೆಳಿಗ್ಗೆ ಎದ್ದವನೇ ಹಾಲು ಬೇಕು ಅಂತ ರಚ್ಚೆ ಹಿಡಿದ. ಒಣಗಿದ ಪುಳ್ಳೆ ಏನಾದರೂ ಸಿಕ್ಕೀತು ಅಂತ ಆದಿಲಕ್ಷ್ಮಮ್ಮ ತಲೆ ಮೇಲೆ ಗೋಣಿಚೀಲ ಹಾಕಿಕೊಂಡು ಪಾಪಕ್ಕನ ಮನೆಗೆ ಹೋದಳು. ಪುಳ್ಳೆಯ ಜೊತೆ ಪಾಪಕ್ಕನ ನಾಲ್ಕು ಮಾತನ್ನೂ ಹೊತ್ತುಕೊಂಡು ಬರಬೇಕಾದ್ದರಿಂದ ಸ್ವಲ್ಪ ತಡವಾಯಿತು.

ಹಿತ್ತಲಿಗೆ ಕಾಲಿಟ್ಟರೆ ಹಾಲು ಸೀದ ವಾಸನೆ. ಬರುತ್ತಿದ್ದದ್ದು ಕೊಟ್ಟಿಗೆಯಿಂದಲ್ಲ, ಹೊಸ ಅಡಿಗೆಮನೆಯಿಂದ.

ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಗ್ಯಾಸು ಒಲೆ ಉರಿಯುತ್ತಿತ್ತು. ಜಯಚಂದ್ರನ ಹೆಗಲ ಮೇಲೆ ಚರಣ, ಹಲ್ಲಿನ ನಡುವೆ ರಿಬ್ಬನ್ನು, ಎರಡೂ ಕೈಯಲ್ಲಿ ಭಾರ್ಗವಿಯ ಜಡೆ. ಅವನ ಬೆನ್ನ ಹಿಂದೆ ಹಾಲು ಪಾತ್ರೆಯ ಕಂಠ ದಾಟಿ ಉಕ್ಕಿ, ಕಡಪ ಕಲ್ಲಿನ ಮೇಲೆಲ್ಲ ಹರಡಿ, ಹೊಸ ನೆಲಕ್ಕೆ ಸುರಿಯುತ್ತಿತ್ತು.

“ಏನ್ಲಾ ಮಾಡ್ದೆ?”

ಅವನು ತಿರುಗಿ ನೋಡಿ ಒಲೆ ಆರಿಸಿದ. “ಒಂದ್ ಬಟ್ಟೆ ಕೊಡಮ್ಮ, ಕೂಸು ಜಾರಾತು,” ಅಂದ. ಅಷ್ಟಂದ ಮೇಲೆಯೇ ಅವನಿಗೆ ತಾನು ಮಾಡಿದ್ದು ಹೊಳೆದದ್ದು. ಮುಖ ಸಪ್ಪಗಾಯಿತು. “ಅಮ್ಮಾ... ಹಾಲು.”

“ಕಂಡೆ. ಉಕ್ತು.”

“ನಂಗೆ ಗ್ಯಾನವೇ ಇರ್ಲಿಲ್ಲ ಕಣಮ್ಮ. ಕೂಸು ಹಸ್ಕಂಡು ಒದ್ದಾಡ್ತಿತ್ತು.”

“ಅಜ್ಜಿ, ಹಂಗಾರೆ ಹಬ್ಬ ಆಗೋಯ್ತಾ? ಒಬ್ಬಟ್ಟು ಮಾಡಲ್ವಾ?” ಅಂತ ಭಾರ್ಗವಿ ನಡುವೆ ಬಾಯಿ ಹಾಕಿದಳು.

ಬೈಯಬೇಕು ಅಂತಲೇ ಆದಿಲಕ್ಷ್ಮಮ್ಮ ಬಾಯಿ ತೆರೆದದ್ದು. ಅಷ್ಟರಲ್ಲಿ ಜಯಚಂದ್ರ ಉಳಿದ ಹಾಲನ್ನು ಲೋಟಕ್ಕೆ ಬಗ್ಗಿಸಿ, ಎತ್ತರದಿಂದ ಆ ಲೋಟ ಈ ಲೋಟಕ್ಕೆ ಹಾಕಿ ಆರಿಸಿ, ಒಂದು ತೊಟ್ಟು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ಬಿಸಿ ನೋಡಿ, ಚರಣನ ಬಾಯಿಗೆ ಹಿಡಿದ. ಆ ಹುಡುಗ ಕಣ್ಣು ಮುಚ್ಚಿಕೊಂಡು ಗಟಗಟ ಕುಡಿದ. ಇವನಿಗೆ ಇದನ್ನು ಯಾರು ಹೇಳಿಕೊಟ್ಟರು? ಬಸ್ಸಾರು ಹೇಳಿಕೊಟ್ಟವಳು ತಾನು. ಇದನ್ನು ತಾನು ಹೇಳಿಕೊಟ್ಟಿರಲಿಲ್ಲ. ಆದಿಲಕ್ಷ್ಮಮ್ಮನ ಕೋಪ ಎಲ್ಲಿ ಹೋಯಿತೋ. ಅವಳು ಬಗ್ಗಿ ತನ್ನ ಸೆರಗಿನಲ್ಲೇ ನೆಲ ಒರೆಸತೊಡಗಿದಳು.

ಅಷ್ಟರಲ್ಲಿ ಇನ್ನಷ್ಟು ಪುಳ್ಳೆ ಹಿಡಿದುಕೊಂಡು ಪಾಪಕ್ಕ ಬಂದಳು. “ಏನಕ್ಕಾ, ಹಾಲು ಸೀದ ವಾಸ್ನೆ ಬತ್ತಾ ಐತೆ?”

ಆದಿಲಕ್ಷ್ಮಮ್ಮ ಬಾಗಿಲು ಎಳೆದುಕೊಂಡು ಹೊರಗೆ ಬಂದು ನಿಂತಳು. “ನಿಮ್ಮನೇದೇ ಇರ್ಬೇಕು ನೋಡು ಹೋಗು. ಒಲೆ ಮ್ಯಾಲೆ ಇಟ್ಟಿದ್ಯಲ್ಲ ನೀನು.”

ಪಾಪಕ್ಕ ಪುಳ್ಳೆ ಅಲ್ಲೇ ಎಸೆದು ಮನೆಗೆ ಓಡಿದಳು.

ಅವತ್ತು ಚರಣನನ್ನು ಹಿಂದೂಪುರದ ಡಾಕ್ಟರಿಗೆ ತೋರಿಸಲು ಮಗನ ಜೊತೆಗೆ ಆದಿಲಕ್ಷ್ಮಮ್ಮನೂ ಹೋದಳು. ಸೂಜಿ ಹಾಕಿಸಿ, ಔಷಧಿ ತೆಗೆದುಕೊಂಡು ಅಂಗಡಿಗೆ ಬಂದರೆ, ಅಲ್ಲಿ ಚಿಲಮತ್ತೂರಿನ ಕೊಂಡಪ್ಪ ಎಂಬ ರೈತ ಬೆಳಿಗ್ಗೆಯಿಂದ ಕಾದು ಕೂತಿದ್ದ. ಅವನ ಬೋರಿನ ಮೋಟಾರು ಸುಟ್ಟಿತ್ತು. ಜಯಚಂದ್ರ ಬೆಂಚಿನ ಕೆಳಗೆ ಗೋಣಿಚೀಲ ಹಾಸಿ, ಮೇಲೆ ತನ್ನ ಟವೆಲ್ಲು ಹಾಸಿ ಚರಣನನ್ನು ಮಲಗಿಸಿದ. ಕೈ ತಾಮ್ರದ ತಂತಿ ಸುತ್ತುತ್ತಿತ್ತು, ಕಾಲು ಮಗುವಿನ ಬೆನ್ನು ತಟ್ಟುತ್ತಿತ್ತು. ನಡುನಡುವೆ ಬಗ್ಗಿ ಹಣೆ ಮುಟ್ಟಿ ನೋಡುತ್ತಿದ್ದ.

“ಏನಪ್ಪಾ, ಹೆಂಡ್ರು ಇಲ್ವಾ? ಅಂಗ್ಡಿಗೆ ಕೂಸ್ನ ತಂದಿದ್ದೀಯಾ?” ಅಂದ ಕೊಂಡಪ್ಪ.

“ಅವಳು ಮೇಡಂ ಕಣಣ್ಣ, ಕಲ್ಯಾಣದುರ್ಗದಾಗೆ,” ಅಂದ ಜಯಚಂದ್ರ. ಹೇಳುವಾಗ ಅವನ ದನಿಯಲ್ಲಿ ಅಳುಕು ಏನೂ ಇರಲಿಲ್ಲ. ಬದಲಿಗೆ ಸ್ವಲ್ಪ ಜಂಬವೇ ಇತ್ತು ಅನ್ನಿ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಆದಿಲಕ್ಷ್ಮಮ್ಮ ಮಗನನ್ನು ಕಣ್ಣು ತುಂಬ ನೋಡಿದಳು. ಅವನು ಚಿಕ್ಕವನಿದ್ದಾಗ ಹೊಲದ ಬದುವಿನ ಮೇಲೆ ಮಲಗಿಸಿ ತಾನು ಉಳುತ್ತಿದ್ದ ದಿನಗಳಲ್ಲಿ, ಸಾಲು ಮುಗಿಸಿ ಬಂದಾಗಲೆಲ್ಲ ಹೀಗೇ ಬಗ್ಗಿ ನೋಡುತ್ತಿದ್ದಳು.

ಆದರೂ ಹೊಸ ಒಲೆಯ ಭಯ ಬಿಡಬೇಕಲ್ಲ. ಮಾರನೆಯ ದಿನ ಶಂಕರಯ್ಯನವರ ಮನೆಗೆ ಹೋಗಿ, ನಮ್ಮ ನೆಂಟರ ಮನೆಯಲ್ಲಿ ಹೀಗಾಗಿದೆ ಅಂತ ಸುತ್ತಿ ಬಳಸಿ ಕೇಳಿದಳು.

“ಮರೆತು ಮಾಡಿದ್ದಕ್ಕೆ ದೋಷ ಏನಿಲ್ಲಮ್ಮ,” ಅಂದರು ಶಂಕರಯ್ಯ. “ಮುಹೂರ್ತಕ್ಕೆ ಮತ್ತೆ ಉಕ್ಕಿಸಲಿ. ಆದರೆ ಗೃಹಿಣಿ ಕೈಯಿಂದಲೇ ಆಗಬೇಕು. ಇಲ್ಲದಿದ್ದರೆ ನಾಲ್ಕು ಜನ ಏನಂತಾರೆ?”

ನಾಲ್ಕು ಜನರ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಬಲ್ಲವಳು ಆದಿಲಕ್ಷ್ಮಮ್ಮ. ತಲೆಯಾಡಿಸಿ ಬಂದಳು.

ಆ ಶನಿವಾರ ಸಂಜೆ ತ್ರಿವೇಣಿ ಬಸ್ಸಿಳಿದಳು. ಕೈಯಲ್ಲಿ ಎಂದಿನ ಚೀಲವಲ್ಲ. ಕಬ್ಬಿಣದ ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ, ಸೀಮೆಎಣ್ಣೆ ಸ್ಟೌವು. ಆಟೋದವನು ಇಳಿಸಿ ಹೋದ. ಅವಳು ಮಳೆಯಲ್ಲಿ ನೆನೆದಿದ್ದಳು.

“ರೂಮು ಖಾಲಿ ಮಾಡ್ಕಂಡ್ ಬಂದೆ ಅತ್ತೆ. ಸೋಮವಾರ ಹೋಗಿ ರಾಜೀನಾಮೆ ಕೊಟ್ಟು ಬಂದ್ಬುಡ್ತೀನಿ. ಗುರುವಾರ ಇಲ್ಲೇ ಇರ್ತೀನಿ.”

ಜಯಚಂದ್ರ, “ಏನಿದು ತ್ರಿವೇಣಿ? ನನ್ನೊಂದ್ ಮಾತು ಕೇಳ್ಬಾರ್ದಾ?” ಅಂದ. ಅವಳು ಅವನ ಹೆಗಲ ಮೇಲಿದ್ದ ಚರಣನಿಗೆ ಕೈ ಚಾಚಿದಳು. ಜ್ವರ ಬಿಟ್ಟು ಸೊರಗಿದ್ದ ಹುಡುಗ ಮುಖ ತಿರುಗಿಸಿ ಅಪ್ಪನ ಕುತ್ತಿಗೆಯನ್ನೇ ತಬ್ಬಿಕೊಂಡ. ಚಾಚಿದ ಕೈ ಹಾಗೇ ಕೆಳಗಿಳಿಯಿತು. ತ್ರಿವೇಣಿ ಕೊಟ್ಟಿಗೆಗೆ ಹೋಗಿ, ಬಟ್ಟೆ ಬದಲಾ‌ಯಿಸುವ ನೆಪದಲ್ಲಿ ಗೋಡೆಗೆ ಮುಖ ಮಾಡಿ ಅತ್ತಳು.

ಆದಿಲಕ್ಷ್ಮಮ್ಮ ಗೆದ್ದಿದ್ದಳು. ಕೇಳಿದ್ದು ಸಿಕ್ಕಿತ್ತು, ಸೊಸೆ ಗಂಟುಮೂಟೆ ಸಮೇತ ಮನೆಗೆ ಬಂದಿದ್ದಳು. ಆದರೆ ಆ ಗೆಲುವು ಅವಳಿಗೆ ಒಂದು ಚೂರೂ ರುಚಿಸಲಿಲ್ಲ. ಟವೆಲ್ಲು ತೆಗೆದುಕೊಂಡು ಹೋಗಿ ಸೊಸೆಯ ಒದ್ದೆ ತಲೆ ಒರೆಸತೊಡಗಿದಳು.

“ಆ ಇಸ್ಕೂಲಾಗೆ ಕೂಸುಗಳಿಗೆ ಇನ್ಮ್ಯಾಲೆ ಯಾರು ಪಾಠ ಹೇಳ್ತಾರೆ?”

“ಯಾರೂ ಇಲ್ಲ ಅತ್ತೆ. ನಾನು ಹೋಗಾಕೆ ಮುಂಚೆ ಬೀಗ ಹಾಕಿತ್ತು. ಜಗಲಿ ಮ್ಯಾಲೆ ಮೇಕೆ ಕಟ್ತಿದ್ರು.”

“ಈಗ?”

“ಈಗ ಮೇಕೆ ಕಾಯೋ ಹುಡ್ಗೀರೂ ಬತ್ತಾರೆ. ತಮ್ಮ ತಂಗೀರ್ನ ಕಂಕುಳಾಗೆ ಎತ್ಕಂಡೇ ಬತ್ತಾರೆ, ಬುಟ್ಟು ಬರಾಕೆ ಮನೇಲಿ ಯಾರೂ ಇರಕಿಲ್ಲ. ಆ ಚಿಕ್ಕವು ಅತ್ರೆ ಪಾಠ ನಿಲ್ಸಿ ಎತ್ಕಂತೀನಿ. ಊರ ಕೂಸ್ನ ಎತ್ಕಂಡೆ, ನನ್ ಕೂಸು ನನ್ನ ಗುರುತೇ ಹಿಡೀಲಿಲ್ಲ.”

“ಜ್ವರದ ಕೂಸು ಕಣಮ್ಮ ಅದು. ಸಾಕ್ದೋರ್ನ ತಬ್ಕತದೆ. ನಾಳೆ ನೋಡು, ನಿನ್ ಸೆರಗು ಬುಡಕಿಲ್ಲ.” ಆದಿಲಕ್ಷ್ಮಮ್ಮ ಟವೆಲ್ಲು ಕೊಡವಿದಳು. “ನಿನ್ ಕೂಸು ಕೂಗ್ಕಂಡ್ರೆ ಓಡಿ ಬರಾಕೆ ಅದರಪ್ಪ ಅವ್ನೆ, ನಾನಿದ್ದೀನಿ. ಆ ಕೂಸುಗಳಿಗೆ ಯಾರವ್ರೆ? ಸೋಮವಾರ ಹೋಗು. ಆ ಟ್ರಂಕು, ಸ್ಟೌವು, ಎಲ್ಲಾ ತಗಂಡು ಹೋಗು.”

“ಗುರುವಾರ?”

“ಗುರುವಾರದ್ದು ನಂಗೆ ಬುಡು.”

ತ್ರಿವೇಣಿ ಅತ್ತೆಯ ಮುಖವನ್ನೇ ನೋಡಿದಳು. ಆ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಮುನಿಸೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಹಾಸಿಗೆಯ ಸುರುಳಿಯನ್ನು ತಲೆ ಮೇಲೆ ಹೊತ್ತುಕೊಂಡು ಬಸ್ಸಿನ ತನಕ ಬಂದವಳು ಆದಿಲಕ್ಷ್ಮಮ್ಮನೇ. ಚರಣ ಅಮ್ಮನ ಸೆರಗು ಬಿಡದೆ ಅತ್ತ. ಜಯಚಂದ್ರ ಅವನಿಗೆ ಬಸ್ಸಿನ ಹಾರನ್ನಿನ ಹಾಗೆ ಕೂಗಿ ತೋರಿಸಿ ಎತ್ತಿಕೊಂಡು ಬಂದ.

ಗುರುವಾರ ಬಂತು. ಬಾಗಿಲಿಗೆ ಮಾವಿನ ತೋರಣ, ನೆಲದ ಮೇಲೆ ಭಾರ್ಗವಿ ಬಿಡಿಸಿದ ಸೊಟ್ಟ ರಂಗೋಲಿ. ಜಯಚಂದ್ರ ನಸುಕಿನಲ್ಲೇ ಎದ್ದು ಕೊಟ್ಟಿಗೆಯಲ್ಲಿ ಹೂರಣ ಅರೆದು, ಒಬ್ಬಟ್ಟು ಬೇಯಿಸುತ್ತಿದ್ದ. ಈರಲಿಂಗಪ್ಪ ತನ್ನ ಆಳುಗಳ ಜೊತೆ ಬಂದ. ನೆಂಟರು ಬಂದರು. ಪಾಪಕ್ಕ ರೇಷ್ಮೆ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕೂತಳು. ಆದಿಲಕ್ಷ್ಮಮ್ಮ ಮಾತ್ರ ಗಂಡ ಸತ್ತವಳು ಶುಭಕಾರ್ಯದಲ್ಲಿ ನಿಲ್ಲುವ ಜಾಗದಲ್ಲೇ, ಹೊಸ್ತಿಲಿನ ಹೊರಗೆ, ಗೋಡೆಗೆ ಒರಗಿ ನಿಂತಿದ್ದಳು.

ಮಂತ್ರ ಮುಗಿಸಿ ಶಂಕರಯ್ಯನವರು ಹೊಸ ಪಾತ್ರೆಗೆ ಹಾಲು ಹಾಕಿಸಿದರು. “ಗೃಹಿಣಿ ಬರಲಿ. ಒಲೆ ಹಚ್ಚಲಿ.”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಂಕರಯ್ಯನವರು ಹೊತ್ತು ನೋಡಿದರು. “ಸೊಸೆ ಬರಲಿಲ್ಲವೇ? ಮುಹೂರ್ತ ಮೀರುತ್ತದಮ್ಮ. ಹೋಗಲಿ, ಯಾರಾದರೂ ಮುತ್ತೈದೆ ಬಂದು ಹಚ್ಚಲಿ.”

ಹೇಳುವುದೇ ತಡ, ಪಾಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

“ನೀನು ಕೂತ್ಕಾ ಪಾಪಕ್ಕ.”

ಎಲ್ಲರೂ ತಿರುಗಿದರು. ಅಷ್ಟರಲ್ಲೇ ಹಿತ್ತಲಿಗೆ ಹೋಗಿದ್ದ ಆದಿಲಕ್ಷ್ಮಮ್ಮ ಕೊಟ್ಟಿಗೆಯಿಂದ ಮಗನನ್ನು ಮಣಿಕಟ್ಟು ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಅವನ ಬೆರಳಿಗೆಲ್ಲ ಕಣಕ ಮೆತ್ತಿತ್ತು, ಹೆಗಲ ಮೇಲೆ ಮಸಿಬಟ್ಟೆ ಇತ್ತು. ಅವಳು ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತಳು. ಆಮೇಲೆ ದಾಟಿ ಒಳಗೆ ಬಂದಳು.

“ಐನೋರೇ, ಈ ಮನ್ಯಾಗೆ ದಿನಾ ಒಲೆ ಹಚ್ಚೋನು ಇವನು. ಕೂಸುಗಳಿಗೆ ಉಣ್ಸೋನು ಇವನು, ನಂಗೂ ಉಣ್ಸೋನು ಇವನು. ಹಾಲೂ ಇವನೇ ಉಕ್ಸಲಿ.”

“ಆದಿಲಕ್ಷ್ಮಮ್ಮ, ಪದ್ಧತಿ ಅಂತ ಒಂದಿದೆ.”

“ಐತೆ. ಅಡಿಗೆ ಮಾಡೋರ ಕೈ ತುಂಬಲಿ ಅಂತ ತಾನೇ ಆ ಪದ್ಧತಿ ಇರೋದು? ನಮ್ಮನೆ ಹೆಣ್ಮಗಳು ಕಲ್ಯಾಣದುರ್ಗದಾಗೆ ಬಡವರ ಕೂಸುಗಳಿಗೆ ಅಕ್ಷರ ತಿದ್ದುಸ್ತಾವ್ಳೆ. ಅವಳಿಗೆ ಪುರುಸೊತ್ತಿಲ್ಲ. ನಾನೇ ಬ್ಯಾಡ ಅಂದು ಕಳ್ಸಿದ್ದೀನಿ. ದೋಷ ಇದ್ರೆ ನನ್ ತಲೆ ಮ್ಯಾಲೆ ಹಾಕಿ. ನೀವು ಮಂತ್ರ ಹೇಳಿ.”

ಜಯಚಂದ್ರ ತಾಯಿಯ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಕಣಕ. ಭಾರ್ಗವಿ ಚೊಂಬಿನಲ್ಲಿ ನೀರು ತಂದು ಅಪ್ಪನ ಕೈಗೆ ಹಾಕಿದಳು. ಶಂಕರಯ್ಯನವರು ಗಂಟಲು ಸರಿಮಾಡಿಕೊಂಡು ಮಂತ್ರ ಶುರು ಮಾಡಿದರು.

“ಹಚ್ಚು ಮಗಾ,” ಅಂದಳು ಆದಿಲಕ್ಷ್ಮಮ್ಮ.

ಜಯಚಂದ್ರ ಬೆಂಕಿಕಡ್ಡಿ ಗೀರಿದ. ಒಲೆ ಹತ್ತಿಕೊಂಡಿತು. ಹಾಲು ನಿಧಾನವಾಗಿ ಏರುವುದನ್ನು ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಪಾಪಕ್ಕ ಮಾತ್ರ ಆದಿಲಕ್ಷ್ಮಮ್ಮನ ಪಕ್ಕಕ್ಕೆ ಸರಿದು, ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳಿದಳು.

“ಊರೋರ್ ಮುಂದೆ ಗಂಡಸಿನ ಕೈಲಿ ಒಲೆ ಹಚ್ಚುಸ್ತೀಯಲ್ಲಕ್ಕಾ, ಏನಿದೆಲ್ಲಾ?”

“ನನ್ ಮಗ ಕಣೆ,” ಅಂದಳು ಆದಿಲಕ್ಷ್ಮಮ್ಮ, ಮನೆಯಲ್ಲಿ ಕೂತ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.